ಚೈನಿಗೆ ಎಣ್ಣೆ ಕಮ್ಮಿ, ಒರೆಸೋದು ಜಾಸ್ತಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಹೊಳಲ್ಕೆರೆ ಕಡೆಯ ಹಳ್ಳಿ, ಮನೆಯಲ್ಲಿ ಎರಡು ಸೈಕಲ್. ಡೈರಿಗೆ ಹಾಲು ಹಾಕಲು ಹೋಗುವ ಹಳೇ ಕರಿ ಸೈಕಲ್ ಒಂದು, ಮಗಳು ಶಾಲೆಗೆ ಓಡಿಸುವ ಗೇರ್ ಸೈಕಲ್ ಇನ್ನೊಂದು. ಎರಡರದ್ದೂ ಚೈನ್ ಕಿರ್ ಅನ್ನುತ್ತದೆ, ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಎರಡು ದಿನ ಸುಮ್ನಿದ್ದು ಮತ್ತೆ ಶುರುವಾಗುತ್ತದೆ ಅಂತ ಬರೆದಿದ್ದೀರಿ. ಅದಕ್ಕೆ ಒಬ್ಬರು ಕಡ್ಲೆಕಾಯಿ ಎಣ್ಣೆ ಬಿಡಿ ಅಂದಿದ್ದಾರೆ, ಇನ್ನೊಬ್ಬರು ಗ್ರೀಸ್ ಬಳಿದುಬಿಡಿ ಅಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಚೈನಿನ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಎರಡು ಕಡೆ ಪ್ಲೇಟ್, ನಡುವೆ ಪಿನ್, ಪಿನ್ನಿನ ಮೇಲೆ ತಿರುಗುವ ರೋಲರ್. ಸವೆತ ಆಗುವುದು ಪಿನ್ನಿಗೂ ಅದರ ಸುತ್ತಲಿನ ಕಬ್ಬಿಣಕ್ಕೂ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ. ಎಣ್ಣೆ ಬೇಕಿರುವುದು ಅಲ್ಲಿಗೆ. ಹೊರಗಿನ ಪ್ಲೇಟಿಗೆ ತುಕ್ಕು ಹಿಡಿಯದಷ್ಟು ಪಸೆ ಇದ್ದರೆ ಸಾಕು. ಹೊರಗೆ ಎಣ್ಣೆ ಹೊಳೆಯುತ್ತಿದ್ದರೆ ಧೂಳು ಬಂದು ಕೂರುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯ ಕೆಂಪು ಧೂಳು ನಿಮಗೆ ಗೊತ್ತೇ ಇದೆ. ಅದು ಎಣ್ಣೆ ಜೊತೆ ಸೇರಿದರೆ ಒರಳಲ್ಲಿ ಹಾಕಿ ಅರೆದ ಹಾಗೆ ಚೈನನ್ನೂ ಹಲ್ಲುಚಕ್ರವನ್ನೂ ತಿನ್ನುತ್ತದೆ.

ಕಡ್ಲೆಕಾಯಿ ಎಣ್ಣೆ ಗಾಳಿ ಬಿಸಿಲಿಗೆ ಅಂಟಾಗುತ್ತದೆ. ಚಳ್ಳಕೆರೆಯ ಗಾಣದ್ದೇ ಆದರೂ ಅದನ್ನು ಅಡುಗೆಗೆ ಇಟ್ಟುಕೊಳ್ಳಿ. ಅಡುಗೆಮನೆ ಡಬ್ಬಿಯ ಹೊರಗೆ ಹಳೇ ಎಣ್ಣೆ ಹೇಗೆ ಜಿಗುಟಾಗಿ ಕೂರುತ್ತದೆ ನೋಡಿ, ರೋಲರ್ ಒಳಗೂ ಅದೇ ಆಗುತ್ತದೆ. ಗ್ರೀಸ್ ದಪ್ಪ, ರೋಲರ್ ಒಳಗೆ ಇಳಿಯುವುದೇ ಇಲ್ಲ, ಹೊರಗೇ ನಿಂತು ಮಣ್ಣು ಹಿಡಿಯುತ್ತದೆ. ಡಬ್ಲ್ಯೂಡಿ-40 ಕೆಟ್ಟದ್ದೇನಲ್ಲ. ಆದರೆ ಅದು 1953ರಲ್ಲಿ ತಯಾರಾಗಿದ್ದೇ ತೇವ ಓಡಿಸಿ ತುಕ್ಕು ತಡೆಯುವುದಕ್ಕೆ. ಆ ನೀಲಿ ಹಳದಿ ಡಬ್ಬಿಯಲ್ಲಿ ಇರುವುದರಲ್ಲಿ ಹೆಚ್ಚು ಭಾಗ ಹಾರಿಹೋಗುತ್ತದೆ, ಉಳಿಯುವ ಎಣ್ಣೆ ತೀರಾ ತೆಳು. ಒಳಗಿದ್ದ ಹಳೇ ಎಣ್ಣೆಯನ್ನೂ ಅದು ಕರಗಿಸುತ್ತದೆ. ನಿಮ್ಮ ಸದ್ದು ಎರಡೇ ದಿನಕ್ಕೆ ವಾಪಸ್ ಬರುವುದು ಇದಕ್ಕೇ.

ಈಗ ತೊಳೆಯೋದು. ಮೊದಲೇ ಒಂದು ಮಾತು: ಔಷಧಿ ಹೊಡೆಯುವ ಪಂಪಿನಿಂದಾಗಲಿ, ಟ್ರ್ಯಾಕ್ಟರ್ ತೊಳೆಯುವ ಕಡೆಯ ಪ್ರೆಶರ್ ಪೈಪಿನಿಂದಾಗಲಿ ಸೈಕಲ್ಲಿಗೆ ನೀರು ಹೊಡೆಯಬೇಡಿ. ಐದು ನಿಮಿಷದಲ್ಲಿ ಫಳಫಳ ಆಗುತ್ತದೆ ನಿಜ. ಆದರೆ ಆ ಒತ್ತಡಕ್ಕೆ ನೀರು ಚಕ್ರದ ನಡುವಿನ ಹಬ್ಬಿನೊಳಗೆ, ಪೆಡಲ್ ಆಕ್ಸಲಿನೊಳಗೆ ನುಗ್ಗಿ ಗ್ರೀಸನ್ನು ಕೆಡಿಸುತ್ತದೆ. ಬಕೆಟ್, ಚೊಂಬು, ಹಳೇ ಬಟ್ಟೆ ಸಾಕು. ಎರೆಮಣ್ಣು ಮೆತ್ತಿದ್ದರೆ ಅದು ಪೂರ್ತಿ ಒಣಗಿ ಕಲ್ಲಾಗುವ ಮೊದಲೇ ಮಡ್‌ಗಾರ್ಡ್ ಸಂದಿಯಿಂದ ಕಡ್ಡಿಯಲ್ಲಿ ತೆಗೆಯಿರಿ.

ಚೈನಿಗೆ ಸೀಮೆಎಣ್ಣೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಡೀಸೆಲ್. ಪೆಟ್ರೋಲ್ ಬೇಡ, ಬೆಂಕಿಯ ಭಯ. ಬಟ್ಟಲಲ್ಲಿ ಸ್ವಲ್ಪ ಹಾಕಿಕೊಂಡು ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ, ಚೈನಿನ ಮೇಲೆ, ಕೆಳಗೆ, ಎರಡೂ ಪಕ್ಕ ಉಜ್ಜಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಮುಂದೆ ಸಾಗಿ. ಬೆರಳು ಚೈನು ಮತ್ತು ಹಲ್ಲಿನ ನಡುವೆ ಹೋಗದ ಹಾಗೆ ನೋಡಿಕೊಳ್ಳಿ, ಮಕ್ಕಳು ಪಕ್ಕದಲ್ಲಿದ್ದರಂತೂ ಪೆಡಲ್ ಅವರ ಕೈಗೆ ಕೊಡಬೇಡಿ. ಬೂದಿಯಲ್ಲಿ ಉಜ್ಜುವ ಅಭ್ಯಾಸ ನಮ್ಮ ದಾವಣಗೆರೆ ಕಡೆ ಕೆಲವರಿಗಿದೆ, ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ಸುಲಭವಾಗಿ ಸಿಗುತ್ತದಲ್ವಾ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಗುಣದ್ದೇ. ಪಾತ್ರೆಗೆ ಸರಿ, ಚೈನಿಗೆ ಸರಿಯಲ್ಲ.

ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಡೀಸೆಲ್ ಪಸೆ ಹೋಗುವ ಹಾಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ನಿಲ್ಲಿಸಿ. ಚೆನ್ನಾಗಿ ಒಣಗಲೇಬೇಕು. ಒದ್ದೆ ಚೈನಿಗೆ ಎಣ್ಣೆ ಬಿಟ್ಟರೆ ನೀರು ಒಳಗೇ ಉಳಿದುಬಿಡುತ್ತದೆ. ಉಳಿದ ಡೀಸೆಲನ್ನು ಮಣ್ಣಿಗೋ ಕಾಲುವೆಗೋ ಚೆಲ್ಲಬೇಡಿ. ಬಾಟಲಿಗೆ ತುಂಬಿ ಇಡಿ, ಕೊಳೆ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮುಂದಿನ ಸಲಕ್ಕೆ ಬಳಸಬಹುದು.

ಎಣ್ಣೆ ಬಿಡುವುದೇ ನಿಜವಾದ ಕೆಲಸ. ಚೈನಿನ ಕೆಳಗಿನ ಸಾಲು ಇದೆಯಲ್ಲ, ಅದರ ಒಳಮೈ ಮೇಲೆ, ಒಂದೊಂದು ರೋಲರಿಗೆ ಒಂದೊಂದೇ ಹನಿ. ಜಾಯಿಂಟ್ ಇರುವ ಕೊಂಡಿಯಿಂದ ಶುರು ಮಾಡಿದರೆ ಸುತ್ತು ಮುಗಿದದ್ದು ಗೊತ್ತಾಗುತ್ತದೆ. ಎಲ್ಲಾ ಆದ ಮೇಲೆ ಪೆಡಲನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಿರುಗಿಸಿ, ಒಂದರ್ಧ ಗಂಟೆ ಬಿಡಿ. ಆಮೇಲೆ ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು, ಹೊರಗಿರುವ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹಾಕಿದ ಎಣ್ಣೆಯನ್ನೇ ತೆಗೆಯಬೇಕಾ ಅಂತ ಅನ್ನಿಸುತ್ತದೆ. ಹೌದು, ತೆಗೆಯಬೇಕು. ಬೆರಳಿಂದ ಮುಟ್ಟಿದರೆ ಬೆರಳು ಕಪ್ಪಾಗಬಾರದು, ಅಷ್ಟು ಒರೆಸಿ. ಬಹಳ ಜನ ಬಿಟ್ಟುಬಿಡುವುದು ಈ ಒಂದು ಕೆಲಸವನ್ನೇ.

ಯಾವ ಎಣ್ಣೆ? ಮಗಳ ಗೇರ್ ಸೈಕಲ್ಲಿಗೆ ಸೈಕಲ್ ಚೈನ್ ಲ್ಯೂಬ್ ತಗೊಳ್ಳಿ. ಡ್ರೈ, ವೆಟ್ ಅಂತ ಎರಡು ಬಗೆ ಬರುತ್ತದೆ. ಬೇಸಿಗೆ ಧೂಳಿಗೆ ಡ್ರೈ, ಮಳೆಗಾಲಕ್ಕೆ ವೆಟ್. ಡ್ರೈ ಹಾಕಿದರೆ ಕೆಲವು ಗಂಟೆ ಒಣಗಲು ಬಿಡಬೇಕು, ರಾತ್ರಿ ಹಾಕಿ ಬೆಳಿಗ್ಗೆ ಓಡಿಸುವುದು ಒಳ್ಳೆಯದು. ಒಂದು ಮಳೆಗೆ ಅದು ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು. ಬೈಕಿನ ಚೈನ್ ಸ್ಪ್ರೇ ಸೈಕಲ್ಲಿಗೆ ಜಾಸ್ತಿ ಅಂಟು, ಬೇಡ. ಕರಿ ಸೈಕಲ್ಲಿಗೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ, ತೆಳು ಆದ್ದರಿಂದ ವಾರಕ್ಕೊಮ್ಮೆಯಾದರೂ ಬಿಡಬೇಕು. ಹೊಸ ಎಂಜಿನ್ ಆಯಿಲ್ ಕೂಡ ಆಗುತ್ತದೆ, ಚೆನ್ನಾಗಿ ಒರೆಸಿದರೆ. ಆದರೆ ಬೈಕಿನಿಂದ ಇಳಿಸಿದ ಕಪ್ಪು ಆಯಿಲ್ ಯಾವತ್ತೂ ಬೇಡ, ಅದರಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತದೆ.

ಹಿಂದಿನ ಚಕ್ರದ ಹಲ್ಲುಚಕ್ರ ಇರುವ ಫ್ರೀವೀಲ್ ಬಗ್ಗೆ ಎಚ್ಚರ ಇರಲಿ. ಅದರೊಳಗೆ ಸಣ್ಣ ಹಲ್ಲುಗಳು ಸ್ಪ್ರಿಂಗಿನ ಮೇಲೆ ಎದ್ದು ಕೂತು ಕಟಕಟ ಅನ್ನುತ್ತವೆ. ಅಲ್ಲಿಗೆ ಗ್ರೀಸ್ ಹಾಕಿದರೆ ಹಲ್ಲು ಅಂಟಿಕೊಂಡು ಎದ್ದೇಳುವುದಿಲ್ಲ, ಏರಿನಲ್ಲಿ ತುಳಿಯುವಾಗ ಪೆಡಲ್ ಇದ್ದಕ್ಕಿದ್ದಂತೆ ಖಾಲಿ ಹೋಗುತ್ತದೆ. ಹಾಲಿನ ಕ್ಯಾನ್ ತೂಗಿಹಾಕಿದ ಸೈಕಲ್ಲಿನಲ್ಲಿ ಹಾಗಾದರೆ ಬಿದ್ದೇ ಬೀಳುತ್ತೀರಿ. ಸೈಕಲ್ ಮಲಗಿಸಿ, ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವಿನ ಗೆರೆಯಲ್ಲಿ ತೆಳು ಎಣ್ಣೆ ನಾಲ್ಕು ಹನಿ ಬಿಟ್ಟು ತಿರುಗಿಸಿ, ಅಷ್ಟೇ. ಸುಗ್ಗಿಯಲ್ಲಿ ಟಾರು ರಸ್ತೆ ಮೇಲೆ ರಾಗಿ ಒಕ್ಕಣೆ ಮಾಡಿರುತ್ತಾರಲ್ಲ, ಆ ಹುಲ್ಲಿನ ಮೇಲೆ ಹಾದು ಬಂದರೆ ಎಳೆ ಎಳೆಯಾಗಿ ಫ್ರೀವೀಲಿಗೂ ಆಕ್ಸಲಿಗೂ ಸುತ್ತಿಕೊಳ್ಳುತ್ತದೆ. ಆ ಹುಲ್ಲು ಎಣ್ಣೆಯನ್ನು ಹೀರಿಕೊಂಡು ಮಣ್ಣನ್ನು ಹಿಡಿದಿಡುತ್ತದೆ. ಮನೆಗೆ ಬಂದ ಕೂಡಲೇ ಚಾಕುವಿನ ತುದಿಯಲ್ಲಿ ಕತ್ತರಿಸಿ ಎಳೆದುಹಾಕಿ.

ಗೇರ್ ಸೈಕಲ್ಲಿನ ಹಿಂದಿನ ಗೇರ್ ಕೆಳಗೆ ಎರಡು ಪುಟ್ಟ ಚಕ್ರ ಇವೆ. ಅವುಗಳ ಹಲ್ಲಿನ ಮೇಲೆ ಕಪ್ಪು ಮೇಣದಂಥ ಕೊಳೆ ಕಟ್ಟುತ್ತದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಉದ್ದುದ್ದ ಎದ್ದು ಬರುತ್ತದೆ. ಇದನ್ನು ತೆಗೆಯದೆ ಹೊಸ ಎಣ್ಣೆ ಬಿಟ್ಟರೆ ಒಂದೇ ಸುತ್ತಿಗೆ ಚೈನ್ ಮತ್ತೆ ಕಪ್ಪು.

ಬ್ರೇಕಿನ ಹತ್ತಿರ ಎಣ್ಣೆ ಸುಳಿಯಬಾರದು. ರಿಮ್ಮಿಗೆ ಹನಿ ಬಿದ್ದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಡಿಸ್ಕ್ ಬ್ರೇಕ್ ಇದ್ದರೆ ಯಾವ ಸ್ಪ್ರೇಯನ್ನೂ ಆ ಕಡೆ ಹೊಡೆಯಬೇಡಿ. ಪ್ಯಾಡ್ ಎಣ್ಣೆ ಕುಡಿದರೆ ಸಾಮಾನ್ಯವಾಗಿ ಬದಲಿಸಲೇಬೇಕಾಗುತ್ತದೆ.

ಗ್ರೀಸಿಗೆ ಜಾಗ ಹಬ್, ಪೆಡಲ್ ಆಕ್ಸಲ್, ಹ್ಯಾಂಡಲ್ ಕಪ್. ಚಕ್ರ ಎತ್ತಿ ಮೆಲ್ಲಗೆ ತಿರುಗಿಸಿ, ಆಕ್ಸಲ್ ತುದಿ ಮೇಲೆ ಬೆರಳಿಡಿ. ಮರಳು ಮರಳಾಗಿ ತಾಗಿದರೆ ಬಿಚ್ಚುವ ಸಮಯ ಬಂದಿದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮಾಡಿದರೆ ಸಾಕು. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ, ಒಳಗಿನ ಬೇರಿಂಗ್ ಬಾಲ್ಸ್ ಎಣಿಸಿಟ್ಟುಕೊಳ್ಳಿ. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಬಾಲ್ಸ್ ಒಂದೊಂದು ಕಡೆ 9 ಇರುತ್ತವೆ. ಬಾಲ್ಸ್ ಮೇಲೆ ಗುಳಿ ಬಿದ್ದಿದ್ದರೆ ಎಲ್ಲವನ್ನೂ ಹೊಸದು ಹಾಕಿ. ಪೆಡಲ್ ಬಿಚ್ಚುವುದಾದರೆ ಎಡಗಡೆಯದು ಉಲ್ಟಾ ತಿರುವು ಅನ್ನೋದು ನೆನಪಿರಲಿ, ಜೋರು ಮಾಡಿ ತಿರುವು ಕೆಡಿಸಬೇಡಿ.

ಇಷ್ಟೆಲ್ಲ ಮಾಡಿದರೂ ಸದ್ದು ಹೋಗದಿದ್ದರೆ ಚೈನ್ ಸವೆದಿದೆಯಾ ಅಂತ ಅಳೆಯಿರಿ. ಒಂದು ಪಿನ್ನಿನ ನಡುವಿಂದ ಸ್ಕೇಲ್ ಹಿಡಿದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಗೇರ್ ಸೈಕಲ್ಲಿನಲ್ಲಿ 12 ಇಂಚಿನ ಮೇಲೆ ಒಂದೂವರೆ ಮಿಲಿಮೀಟರ್ ಜಾಸ್ತಿ ಬಂದರೆ ಚೈನ್ ಬದಲಿಸಿ. ಮೂರು ಮಿಲಿಮೀಟರ್ ದಾಟಿದ್ದರೆ ಹಲ್ಲುಚಕ್ರವೂ ಹೋಗಿರುತ್ತದೆ, ಹೊಸ ಚೈನ್ ಅದರ ಮೇಲೆ ಜಾರುತ್ತದೆ. ಕರಿ ಸೈಕಲ್ಲಿಗೆ ಮೂರರವರೆಗೂ ತಡೆಯಬಹುದು. ಅದರ ಚೈನ್ ನಡುವಲ್ಲಿ ಎತ್ತಿ ಇಳಿಸಿದರೆ ಅರ್ಧ ಇಂಚಿನಷ್ಟು ಆಡಬೇಕು. ಅದಕ್ಕಿಂತ ಬಿಗಿಯಾದರೂ ಸದ್ದು ಬರುತ್ತದೆ, ತುಳಿಯಲೂ ಭಾರ.

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ: ಎರಡಕ್ಕೂ ಒಂದೇ ಚೈನ್ ಆಗುವುದಿಲ್ಲ. ಕರಿ ಸೈಕಲ್ಲಿನದು ಅಗಲ ಜಾಸ್ತಿ, ಗೇರ್ ಸೈಕಲ್ಲಿನದು ಸಪೂರ. ಮಗಳ ಸೈಕಲ್ಲಿನ ಹಿಂದೆ ಹಲ್ಲುಚಕ್ರ ಎಷ್ಟಿವೆ ಅಂತ ಎಣಿಸಿ, ಅಳತೆಯನ್ನೂ ಸೇರಿಸಿ ಇಲ್ಲೇ ಹಾಕಿ, ಯಾವ ಚೈನ್ ಕೇಳಬೇಕು ಅಂತ ಹೇಳುತ್ತೇನೆ.