ಓಸ್ಲೋದಲ್ಲಿ ಕಟ್ಟೆ ಎಲ್ಲಿದೆ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಓಸ್ಲೋಗೆ ಬಂದು ಎರಡು ತಿಂಗಳಾಯಿತು, ಆಫೀಸು ಬಿಟ್ಟರೆ ಮಾತಾಡೋಕೆ ಯಾರೂ ಇಲ್ಲ, ಗಂಗಾವತಿಯ ಕಟ್ಟೆ ನೆನಪಾಗುತ್ತದೆ, ಇಲ್ಲಿ ಜನ ಸೇರೋದು ಎಲ್ಲಿ ಅಕ್ಕಾ ಅಂತ ಕೇಳಿದ್ದೀಯ. ನಾನೀಗ ರಜೆಗೆ ಕೊಪ್ಪಳಕ್ಕೆ ಬಂದಿದ್ದೇನೆ. ನಮ್ಮ ಓಣಿಯ ಕಟ್ಟೆ ಕಿಟಕಿಯಿಂದಲೇ ಕಾಣುತ್ತದೆ. ಬೆಳಿಗ್ಗೆಯಿಂದ ಎಡದಂಡೆ ಕಾಲುವೆ ನೀರಿನ ಬಗ್ಗೆ ವಾದ ನಡೆದಿದೆ. ಆರು ಜನ, ಆರೂ ಜನ ಒಟ್ಟಿಗೇ ಮಾತಾಡುತ್ತಿದ್ದಾರೆ.

ಓಸ್ಲೋದ ಕಟ್ಟೆ ಅಂದರೆ ಲೈಬ್ರರಿ. ನಗಬೇಡ. ನಮ್ಮಲ್ಲಿ ಲೈಬ್ರರಿ ಅಂದರೆ ಪೇಪರ್ ಓದುವ ಹಿರಿಯರು, ಪಿಎಸ್‌ಐ ಪರೀಕ್ಷೆಗೆ ಕೂತ ಹುಡುಗರು, ಗೋಡೆ ಮೇಲೆ ‘ನಿಶ್ಶಬ್ದ’ ಬೋರ್ಡು, ಅಲ್ವಾ? ನಾರ್ವೆಯಲ್ಲಿ ಲೈಬ್ರರಿ ಜನ ಸೇರುವ, ಎಲ್ಲರೆದುರು ಚರ್ಚೆ ಮಾಡುವ ಸ್ವತಂತ್ರ ಜಾಗ ಆಗಿರಬೇಕು ಅಂತ 2014ರಿಂದ ಕಾಯ್ದೆಯಲ್ಲೇ ಇದೆ. ಪುಸ್ತಕಕ್ಕೆ ದುಡ್ಡು ಕೇಳುವಂತಿಲ್ಲ.

ಸೆಂಟ್ರಲ್ ಸ್ಟೇಷನ್ ಹತ್ತಿರ, ಒಪೆರಾ ಹೌಸ್ ಪಕ್ಕ, 2020ರಲ್ಲಿ ತೆರೆದ ಡೈಕ್‌ಮನ್ ಲೈಬ್ರರಿ ಇದೆ. ಮೊದಲು ಅಲ್ಲಿ ಕಾರ್ಡ್ ಮಾಡಿಸಿಕೊ. ಆಮೇಲೆ ‘ಸ್ಪ್ರೋಕ್‌ಕಫೆ’ ಯಾವತ್ತು ಅಂತ ಕೇಳು. ಭಾಷೆ ಕಲಿಯುವವರು ಮೇಜಿನ ಸುತ್ತ ಕೂತು ತಪ್ಪುತಪ್ಪಾಗಿ ಮಾತಾಡುವ ಜಾಗ ಅದು.

ಚರ್ಚೆಗೂ ಹೋಗು. ನಾನು ಮೊದಲು ಹೋಗಿದ್ದು ನಮ್ಮ ಏರಿಯಾದ ಲೈಬ್ರರಿಗೆ, ಬಸ್ ಸ್ಟಾಪ್ ಸ್ಥಳಾಂತರದ ಬಗ್ಗೆ. ಮೈಕ್ ಕೈಗೆ ಬಂತು. ಕೈ ನಡುಗಿ ಬಳೆ ತಾಗಿ ಮೈಕಲ್ಲಿ ಟಕ್ ಟಕ್ ಸದ್ದು. ‘ಇಳಿಜಾರು’ ಅನ್ನೋದಕ್ಕೆ ನಾರ್ವೇಜಿಯನ್ ಪದ ಬಾಯಿಗೆ ಬರಲೇ ಇಲ್ಲ. ಕೈಯನ್ನು ಓರೆ ಮಾಡಿ ತೋರಿಸಿದೆ. ಯಾರೂ ಬಾಯಿ ಹಾಕಲಿಲ್ಲ, ಸುಮ್ನೆ ಕಾದರು. ಹಿಂದಿನ ಸಾಲಿನ ಅಜ್ಜಿ ‘ಬಕ್ಕೆ’ ಅಂದಳು. ಕೌನ್ಸಿಲರಮ್ಮ ನನ್ನ ಮಾತು ಬರೆದುಕೊಂಡರು. ಸ್ಟಾಪು ಆಮೇಲೆ ಸರಿದೇ ಸರಿಯಿತು, ಆ ಮಾತು ಬಿಡು.

ನೀನು ಕಟ್ಟೆ ಕಳೆದುಕೊಂಡು ಬಂದವನು. ನಾನು ಹುಟ್ಟಿ ಬೆಳೆದ ಓಣಿಯ ಕಟ್ಟೆ ಮೇಲೆ ಒಂದು ದಿನವೂ ಕೂತವಳಲ್ಲ. ನೀರು ತರುವಾಗ ಅದರ ಮುಂದೆ ತಲೆ ತಗ್ಗಿಸಿ ಹೋಗಿದ್ದಷ್ಟೇ.

ಮೂರು ವರ್ಷ ಬಿಡದೆ ನಾರ್ವೆಯಲ್ಲೇ ಇದ್ದರೆ, ಪೌರತ್ವ ಇಲ್ಲದಿದ್ದರೂ ಮುನ್ಸಿಪಾಲಿಟಿ ಚುನಾವಣೆಗೆ ಓಟು ಹಾಕಬಹುದು. ಮುಂಗಡ ಮತದಾನ ಎಷ್ಟೋ ಲೈಬ್ರರಿಗಳಲ್ಲೇ ನಡೆಯುತ್ತದೆ.

ಒಂದು ಬೇಜಾರು ಮಾತ್ರ ಇದೆ. ಸಭೆ ಮುಗೀತು ಅಂದರೆ ಮುಗೀತು. ಎಲ್ಲರೂ ಜಾಕೆಟ್ ಹಾಕಿಕೊಂಡು ಹೊರಟುಬಿಡುತ್ತಾರೆ, ಬಾ ಚಾ ಕುಡಿಯೋಣ ಅನ್ನುವವರು ಕಡಿಮೆ. ನಾನು ವಾಪಸ್ ಬಂದ ಮೇಲೆ ಒಟ್ಟಿಗೆ ಹೋಗೋಣ. ಚಾ ನನ್ನದು, ಶೇಂಗಾ ಚಟ್ನಿಪುಡಿನೂ ತರುತ್ತೇನೆ.