ಸಂಪಾದಕರ ಉತ್ತರ: ಕತ್ತೆಮರಿ ಮೇಲೆ ಬಂದ ಅರಸ, ಮತ್ತಾಯ ಹುಡುಕಿದ ವಚನಗಳು

ಮೇಷ್ಟ್ರಿಗೆ ನಮಸ್ಕಾರ,

ಯೇಸು ಕತ್ತೆಮರಿ ಮೇಲೆ ಯೆರೂಸಲೇಮಿಗೆ ಬಂದದ್ದನ್ನ ನೆನೆಯೋ ನಮ್ಮ ಗರಿಗಳ ಭಾನುವಾರದ ಸಂಚಿಕೆ ಓದಿ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಪೂರ್ತಿ ಹಾಕೋಕೆ ಜಾಗ ಇಲ್ಲ, ಅದಕ್ಕೆ ಬೇರೆ ಓದುಗರಿಗೂ ತಿಳೀಲಿ ಅಂತ ನಿಮ್ಮ ಪ್ರಶ್ನೆಗಳನ್ನ ಚಿಕ್ಕದಾಗಿ ಇಲ್ಲಿ ಹೇಳಿಬಿಡ್ತೀನಿ. ಯೇಸುವಿನ ಕಥೆ ಹೇಳೋ ನಾಲ್ಕು ಸುವಾರ್ತೆಗಳಲ್ಲಿ ಒಂದನ್ನ ಬರೆದ ಮತ್ತಾಯ ಮಾತೆತ್ತಿದ್ರೆ 'ಪ್ರವಾದಿಯ ಮೂಲಕ ಹೇಳಿದ್ದು ನೆರವೇರಿತು' ಅಂತಾನೆ, ಇದು ಪುಸ್ತಕದ ಹಿಂದಿನ ಉತ್ತರ ನೋಡ್ಕೊಂಡು ಲೆಕ್ಕ ಬಿಡಿಸಿದ ಹುಡುಗನ ಕೆಲಸ ಇದ್ದಹಾಗಿದೆ ಅಲ್ವಾ ಅಂತ ಕೇಳಿದ್ದೀರಿ. ಆಮೇಲೆ, ಯೇಸು ಅರಸ ಆಗಿದ್ರೆ ಸಿಂಹಾಸನ ಎಲ್ಲಿ, ಶಿಲುಬೆ ಆದ ಮಾರನೇ ದಿನವೂ ರೋಮ್ ಸರ್ಕಾರ ಹಾಗೇ ಇತ್ತಲ್ಲ, ಹಾಗಾದ್ರೆ ನೆರವೇರಿದ್ದು ಏನು ಅಂತ. ಕೊನೆಗೆ ಬೇತ್ಲೆಹೇಮಿನ ಬಗ್ಗೆ ಪ್ರವಾದಿ ಮೀಕ ಹೇಳಿದ ವಚನವನ್ನ ಮತ್ತಾಯ ಬದಲಾಯಿಸಿದ್ದಾನೆ ಅನ್ನೋ ಆಕ್ಷೇಪ.

ಇಂಥ ಪತ್ರ ಬಂದ್ರೆ ನಂಗೆ ನಿಜವಾಗ್ಲೂ ಖುಷಿ. ವಚನಗಳನ್ನ ತೆಗೆದು ಪಕ್ಕಪಕ್ಕ ಇಟ್ಟು ನೋಡೋ ಓದುಗರು ಪತ್ರಿಕೆಗೆ ಬೇಕು.

ಕತ್ತೆ ವಿಷಯದಿಂದ್ಲೇ ಶುರು ಮಾಡೋಣ, ನಿಮ್ಮ ಪತ್ರದಲ್ಲಿ ಒಂದು ಪುಟ ಅದಕ್ಕೇ ಹೋಗಿದೆ. ನೀವು ಗಮನಿಸಿದ್ದು ಸರಿ, ಮತ್ತಾಯ 21ನೇ ಅಧ್ಯಾಯದಲ್ಲಿ ಎರಡು ಪ್ರಾಣಿ ಇವೆ, ಒಂದು ಕತ್ತೆ ಮತ್ತೆ ಅದರ ಮರಿ, ಶಿಷ್ಯರು ಎರಡರ ಮೇಲೂ ಬಟ್ಟೆ ಹಾಕ್ತಾರೆ. ಉಳಿದ ಸುವಾರ್ತೆ ಬರೆದ ಮಾರ್ಕ, ಲೂಕ, ಯೋಹಾನ ಮೂವರಲ್ಲೂ ಇರೋದು ಒಂದೇ ಮರಿ. ಮತ್ತಾಯ ಅಲ್ಲಿ ಉಲ್ಲೇಖಿಸೋದು ಪ್ರವಾದಿ ಜೆಕರ್ಯನ 9:9, ನಿನ್ನ ಅರಸ ಕತ್ತೆ ಮೇಲೆ ಕೂತು ಬರ್ತಾನೆ ಅನ್ನೋ ವಚನ. ಅದು ಪದ್ಯ, ಹೀಬ್ರೂ ಪದ್ಯದಲ್ಲಿ ಒಂದೇ ಸಂಗತೀನ ಎರಡು ಸಾಲಲ್ಲಿ ಎರಡು ಥರ ಹೇಳೋದು ರೂಢಿ, 'ಕತ್ತೆಯನ್ನೂ ಕತ್ತೆಮರಿಯನ್ನೂ' ಅಂತ ಅಲ್ಲಿ ಇರೋದು ಆ ರೂಢಿಯಿಂದ. ಮತ್ತಾಯ ಎರಡು ಸಾಲಿಗೂ ಒಂದೊಂದು ಪ್ರಾಣಿ ತೋರಿಸಿದ್ದಾನೆ. ಇನ್ನೂ ಯಾರೂ ಹತ್ತದ ಮರಿ ಹೆದರಬಾರದು ಅಂತ ತಾಯಿ ಕತ್ತೇನೂ ಜೊತೆಗೆ ತಂದ್ರು ಅಂತ ವಿವರಿಸೋರು ಇದ್ದಾರೆ, ಇರಬಹುದು, ಆದ್ರೆ ಮತ್ತಾಯ ತನ್ನ ಕಥೇನ ವಚನದ ಅಳತೆಗೆ ಹೊಂದಿಸಿ ಹೇಳಿದ್ದಾನೆ ಅನ್ನೋದನ್ನ ಒಪ್ಪಿಕೊಳ್ಳೋಕೆ ನಂಗೇನೂ ಭಯ ಇಲ್ಲ.

ಆದ್ರೆ ಮೇಷ್ಟ್ರೇ, ಅದೇ ಕಥೇನ ಮಾರ್ಕ 11ರಲ್ಲಿ ಇನ್ನೊಮ್ಮೆ ಓದಿ. ನಾಲ್ಕು ಸುವಾರ್ತೆಗಳಲ್ಲಿ ಮೊದಲು ಬರೆದದ್ದು ಮಾರ್ಕನದು ಅಂತ ಹೆಚ್ಚಿನ ಪಂಡಿತರು ಹೇಳ್ತಾರೆ. ಅಲ್ಲಿ ಮರಿ ಇದೆ, ಬಾಗಿಲ ಹತ್ರ ಬೀದೀಲಿ ಕಟ್ಟಿಹಾಕಿದ್ದು ಇದೆ, ಯಾಕೆ ಬಿಚ್ತೀರಿ ಅಂತ ಅಲ್ಲಿ ನಿಂತವರು ಕೇಳಿದ್ದು ಇದೆ, ಹಾಸಿದ ಬಟ್ಟೆ, ತೋಟದಿಂದ ಕಡಿದು ತಂದ ಸೊಪ್ಪುಸದೆ, ಹೊಸನ್ನ ಅನ್ನೋ ಕೂಗು ಎಲ್ಲಾ ಇದೆ. ಜೆಕರ್ಯನ ವಚನ ಮಾತ್ರ ಇಲ್ಲ! ಲೂಕನೂ ಅದನ್ನ ಉಲ್ಲೇಖಿಸಲ್ಲ. ಅಂದ್ರೆ ವಚನ ತೆಗೆದುಬಿಟ್ರೂ ಘಟನೆ ತನ್ನ ಕಾಲ ಮೇಲೆ ನಿಂತಿರುತ್ತೆ. ಯೋಹಾನ ಅಂತೂ ಬಿಚ್ಚಿ ಹೇಳಿಬಿಡ್ತಾನೆ, 12:16 ನೋಡಿ: ಇದೆಲ್ಲ ನಡೆಯೋವಾಗ ಶಿಷ್ಯರಿಗೆ ಏನೂ ಅರ್ಥ ಆಗ್ಲಿಲ್ಲ, ಯೇಸು ಮಹಿಮೆ ಹೊಂದಿದ ಮೇಲೆನೇ ಇದು ಶಾಸ್ತ್ರದಲ್ಲಿ ಬರೆದಿತ್ತು ಅಂತ ಅವರಿಗೆ ನೆನಪಾಯ್ತು ಅಂತ. ಉತ್ತರ ನೋಡ್ಕೊಂಡು ಲೆಕ್ಕ ಮಾಡಿದವರು ಹೀಗೆ ಬರೆಯಲ್ಲ. ನಡೆದದ್ದು ಮೊದಲು, ಅರ್ಥ ಆಗದೆ ಒದ್ದಾಡಿದ್ದು ಆಮೇಲೆ, ಸುರುಳಿ ಬಿಚ್ಚಿ ಹುಡುಕಿದ್ದು ಅದಕ್ಕೂ ಆಮೇಲೆ.

ಮತ್ತಾಯನಲ್ಲೇ ಇದಕ್ಕೆ ಇನ್ನೂ ಬಲವಾದ ಸಾಕ್ಷಿ ಇದೆ, 2ನೇ ಅಧ್ಯಾಯದ ಕೊನೇ ವಚನ. ಯೇಸು ನಜರೇತಿಗೆ ಬಂದು ವಾಸ ಮಾಡಿದ್ದಕ್ಕೂ ಪ್ರವಾದಿಗಳ ಮಾತು ನೆರವೇರಿತು ಅಂತ ಬರೀತಾನೆ, ಆ ಮಾತು ಹಳೇ ಒಡಂಬಡಿಕೆಯ ಯಾವ ಪುಸ್ತಕದಲ್ಲೂ ಹಾಗೇ ಸಿಗಲ್ಲ, ನಜರೇತ್ ಅನ್ನೋ ಊರಿನ ಹೆಸರೇ ಅಲ್ಲಿ ಬರಲ್ಲ. ವಚನ ಇಟ್ಕೊಂಡು ಕಥೆ ಕಟ್ಟೋನಾಗಿದ್ರೆ ಇಲ್ಲದ ವಚನಕ್ಕೆ ಯಾಕೆ ಕಥೆ ಕಟ್ತಾನೆ? ಯೇಸು ನಜರೇತಿನವನು ಅನ್ನೋದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಸ್ವಲ್ಪ ಮುಜುಗರದ ಸಂಗತಿ ಕೂಡ, ಅದರಲ್ಲೂ ದೇವರ ಕೈ ಇದೆ ಅಂತ ತೋರಿಸೋಕೆ ಮತ್ತಾಯ ಹೆಣಗಾಡ್ತಿದ್ದಾನೆ. ಅದೇ ಅಧ್ಯಾಯದಲ್ಲಿ ಪ್ರವಾದಿ ಹೋಶೇಯನ ಮಾತು ಬರುತ್ತೆ, 'ಐಗುಪ್ತದೊಳಗಿಂದ ನನ್ನ ಮಗನನ್ನು ಕರೆದೆನು' ಅಂತ, ಐಗುಪ್ತ ಅಂದ್ರೆ ಈಜಿಪ್ಟ್. ಹೋಶೇಯ 11:1 ತೆಗೆದು ನೋಡಿದ್ರೆ ಅದು ಭವಿಷ್ಯದ ಮಾತೇ ಅಲ್ಲ, ಮೋಶೆಯ ಕಾಲದಲ್ಲಿ ಇಸ್ರಾಯೇಲ್ ಜನ ಐಗುಪ್ತ ಬಿಟ್ಟು ಬಂದದ್ದನ್ನ ನೆನಪು ಮಾಡಿಕೊಳ್ಳೋ ಮಾತು. ಮತ್ತಾಯನಿಗೆ ಇದು ಗೊತ್ತಿರಲಿಲ್ಲ ಅಂದ್ಕೊಳ್ಳೋದು ತಪ್ಪು, ಆ ಶಾಸ್ತ್ರ ಅವನ ನಾಲಿಗೆ ಮೇಲಿತ್ತು. ಇಸ್ರಾಯೇಲಿನ ಇಡೀ ಚರಿತ್ರೆ ಈ ಒಬ್ಬ ಮಗನ ಬದುಕಲ್ಲಿ ಮತ್ತೆ ನಡೀತಿದೆ ಅಂತ ಅವನು ಹೇಳ್ತಿರೋದು. ನಮ್ಮ ಪ್ರಸಂಗಗಳಲ್ಲಿ ಇದನ್ನ 'ಏಳುನೂರು ವರ್ಷ ಮೊದಲೇ ಹೇಳಿದ್ದು ಹಾಗೇ ಆಯ್ತು' ಅಂತ ಟಿಕ್ ಹಾಕೋ ಲಿಸ್ಟ್ ಮಾಡಿಬಿಟ್ಟಿದ್ದಾರೆ, ಆ ಲಿಸ್ಟ್ ನೋಡಿ ನಿಮಗೆ ಬೇಜಾರಾಗಿದ್ರೆ ನಂಗೂ ಬೇಜಾರಿದೆ, ಮತ್ತಾಯ ಮಾಡ್ತಿದ್ದ ಕೆಲಸ ಅದಕ್ಕಿಂತ ಎಷ್ಟೋ ಆಳವಾದದ್ದು. ಇದು ಅವನೊಬ್ಬನ ಪದ್ಧತಿಯೂ ಅಲ್ಲ. ಮೃತ ಸಮುದ್ರದ ಹತ್ರ ಕುಮ್ರಾನ್ ಗುಹೆಯಲ್ಲಿ 1947ರಲ್ಲಿ ಸಿಕ್ಕ ಸುರುಳಿಗಳಲ್ಲಿ ಹಬಕ್ಕೂಕನ ಪುಸ್ತಕದ ವ್ಯಾಖ್ಯಾನ ಒಂದಿದೆ, ಅದನ್ನ ಬರೆದ ಯೆಹೂದ್ಯರು ಪ್ರವಾದಿಯ ಒಂದೊಂದು ವಚನವನ್ನೂ ತೆಗೆದು ಇದು ನಮ್ಮ ಕಾಲದ್ದು, ಇದು ನಮ್ಮ ಗುರುವಿನ ಬಗ್ಗೆ ಅಂತ ಓದಿದ್ದಾರೆ.

ಈಗ ಸಿಂಹಾಸನದ ಪ್ರಶ್ನೆ. ಇದೇ ದೊಡ್ಡದು.

ಅರಸುತನ ಅನ್ನೋದು ಬೈಬಲಿನಲ್ಲಿ ಶುರುವಿಂದ್ಲೇ ತಕರಾರಿನ ವಿಷಯ. 1 ಸಮುವೇಲ 8ರಲ್ಲಿ ಜನ ನಮಗೂ ಅರಸ ಬೇಕು ಅಂತ ಹಟ ಹಿಡಿದಾಗ ಸಮುವೇಲ ಎಚ್ಚರಿಕೆ ಕೊಡ್ತಾನೆ, ನಿಮ್ಮ ಗಂಡುಮಕ್ಕಳನ್ನ ರಥಕ್ಕೆ ತಗೋತಾನೆ, ಹೆಣ್ಣುಮಕ್ಕಳನ್ನ ಅಡುಗೆಗೆ ರೊಟ್ಟಿ ಸುಡೋಕೆ ಹಚ್ತಾನೆ, ಒಳ್ಳೊಳ್ಳೆ ಹೊಲ ಕಿತ್ಕೊಂಡು ತನ್ನ ಕಡೆಯವರಿಗೆ ಕೊಡ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಎತ್ಕೊಂಡು ಹೋಗ್ತಾನೆ ಅಂತ. ಆಮೇಲೆ 2 ಸಮುವೇಲ 7ರಲ್ಲಿ ನಾತಾನ್ ಪ್ರವಾದಿ ದಾವೀದನಿಗೆ ಮಾತು ಕೊಡ್ತಾನೆ, ನಿನ್ನ ಸಿಂಹಾಸನ ಶಾಶ್ವತ, ನಿನ್ನ ಸಂತಾನದವನಿಗೆ ನಾನು ತಂದೆ ಅವನು ನನಗೆ ಮಗ ಅಂತ ದೇವರು ಹೇಳಿದ್ದಾಗಿ. ಎರಡನೇ ಕೀರ್ತನೆಯಲ್ಲಿ 'ನೀನು ನನ್ನ ಮಗನು' ಅನ್ನೋದು ಯೆರೂಸಲೇಮಿನ ಚೀಯೋನ್ ಬೆಟ್ಟದಲ್ಲಿ ನೇಮಕ ಆದ ಅರಸನಿಗೆ ಹೇಳಿದ ಮಾತು. ಹೀಗೆ ಅಷ್ಟು ದೊಡ್ಡ ಮಾತು ಕೊಟ್ಟಾದ ಮೇಲೆ ಏನಾಯ್ತು? ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನ ಸುಟ್ಟುಹಾಕ್ತು, ಕೊನೇ ಅರಸ ಚಿದ್ಕೀಯನ ಕಣ್ಣೆದುರಿಗೇ ಅವನ ಮಕ್ಕಳನ್ನ ಕೊಂದು ಆಮೇಲೆ ಅವನ ಕಣ್ಣು ಕಿತ್ತು ಬೇಡಿ ಹಾಕಿ ಎಳ್ಕೊಂಡು ಹೋದ್ರು. ದಾವೀದನ ಮನೆತನದವರು ಯಾರೂ ಮತ್ತೆ ಆ ಸಿಂಹಾಸನದಲ್ಲಿ ಕೂರಲಿಲ್ಲ. 89ನೇ ಕೀರ್ತನೆ ಓದಿ ಮೇಷ್ಟ್ರೇ, ನಿಮ್ಮ ಪ್ರಶ್ನೇನೇ ಅಲ್ಲಿ ಪ್ರಾರ್ಥನೆಯಾಗಿದೆ: ದಾವೀದನಿಗೆ ಆಣೆ ಮಾಡಿದ್ದೆಯಲ್ಲ, ಅವನ ಕಿರೀಟವನ್ನ ನೆಲಕ್ಕೆ ಹಾಕಿ ಹೊಲಸು ಮಾಡಿದ್ದೀ, ಎಲ್ಲಿ ಹೋಯ್ತು ನಿನ್ನ ಹಿಂದಿನ ಕೃಪೆ ಅಂತ ಭಕ್ತ ದೇವರನ್ನೇ ಕೇಳ್ತಾನೆ. ಯೇಸು ಹುಟ್ಟೋ ಎಷ್ಟೋ ಮೊದಲೇ ಆ ವಾಗ್ದಾನ ಕಣ್ಣಿಗೆ ಕಾಣೋ ಹಾಗೆ ಮುರಿದುಬಿದ್ದಿತ್ತು. ಅಂಥ ವಾಗ್ದಾನ ಹಳೇ ರೂಪದಲ್ಲೇ ವಾಪಸ್ ಬರಬೇಕಿತ್ತು ಅಂತ ನಾವ್ಯಾಕೆ ಹಟ ಹಿಡೀಬೇಕು?

ಆ ಕಾಲಕ್ಕೆ ಅರಸರು ಕಡಿಮೆ ಇರಲಿಲ್ಲ. ಯೆಹೂದ್ಯರನ್ನ ಆಳಿದ ಹೆರೋದನಿಗೆ ಅರಸನ ಪದವಿ ಕೊಟ್ಟಿದ್ದು ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್. ರೋಮಿನಲ್ಲೇ ಜೂಲಿಯಸ್ ಸೀಸರನನ್ನ ಸತ್ತ ಮೇಲೆ ದೇವರು ಅಂತ ಘೋಷಿಸಿದ್ರು, ಹಾಗಾಗಿ ಅವನ ದತ್ತುಮಗ ಅಗಸ್ಟಸ್ ದೇವರ ಮಗ ಆದ, ಅವನ ನಂತರದ ಚಕ್ರವರ್ತಿ ತಿಬೇರಿಯನ ಬೆಳ್ಳಿ ನಾಣ್ಯದ ಮೇಲೆ 'ದೈವೀಕ ಅಗಸ್ಟಸನ ಮಗ' ಅಂತಾನೇ ಅಚ್ಚು. ಯೇಸುವಿನ ಕೈಗೆ ಕೊಟ್ಟು ತೆರಿಗೆ ಕಟ್ಟಬೇಕೋ ಬೇಡವೋ ಅಂತ ಕೇಳಿದ ಆ ನಾಣ್ಯವೂ ಬಹುಶಃ ಇದೇ. ಇನ್ನೊಂದು ಕಡೆ ಕ್ರಿ.ಪೂ. 4ರಲ್ಲಿ ಹೆರೋದ ಸತ್ತ ಕೂಡ್ಲೇ ಅವನ ಆಳು ಸೀಮೋನ ಅನ್ನೋನು ಕಿರೀಟ ಇಟ್ಕೊಂಡ, ಅಥ್ರೊಂಗೆಸ್ ಅನ್ನೋ ಕುರುಬನೂ ಇಟ್ಕೊಂಡ, ಆ ದಂಗೆಗಳನ್ನ ಅಡಗಿಸೋಕೆ ಸಿರಿಯಾದಿಂದ ಬಂದ ರೋಮನ್ ಅಧಿಕಾರಿ ವಾರಸ್ ಸುಮಾರು 2000 ಜನರನ್ನ ಶಿಲುಬೆಗೇರಿಸಿದ ಅಂತ ಇತಿಹಾಸಕಾರ ಜೋಸೆಫಸ್ ಬರೀತಾನೆ. ಆ ಕಿರೀಟದವರು ಸತ್ತ ಮೇಲೆ ಅವರ ಕಡೆಯವರು ವಚನ ಹುಡುಕ್ಕೊಂಡು ಕೂತ ಸುದ್ದಿ ಇಲ್ಲ. ಸೋತ ಅರಸ ಅಂದ್ರೆ ಅಲ್ಲಿಗೆ ಮುಗೀತು.

ಇದೆಲ್ಲ ಗೊತ್ತಿದ್ದೂ ಯೇಸು ಕತ್ತೆಮರಿ ತರಿಸಿದ. ಬೇಕಂತ್ಲೇ ತರಿಸಿದ, ಇಬ್ಬರು ಶಿಷ್ಯರನ್ನ ಕಳಿಸಿ. ಯೆರೆಮೀಯ ಪ್ರವಾದಿ ಹೆಗಲ ಮೇಲೆ ನೊಗ ಹೊತ್ತು ಬೀದೀಲಿ ನಡೆದು ಮಾತಾಡಿದ ಹಾಗೆ ಇದೂ ಮಾಡಿ ತೋರಿಸಿದ ಪ್ರವಾದನೆ. ಜೆಕರ್ಯನ ಮುಂದಿನ ವಚನ ಏನು ಹೇಳುತ್ತೆ ನೋಡಿ, ಎಫ್ರಾಯೀಮಿನಿಂದ ರಥ, ಯೆರೂಸಲೇಮಿನಿಂದ ಕುದುರೆ, ಯುದ್ಧದ ಬಿಲ್ಲು ಎಲ್ಲಾ ಇಲ್ಲವಾಗುತ್ತೆ ಅಂತ. ಯೋಹಾನ 6:15ರಲ್ಲಿ ಜನ ಆತನನ್ನ ಬಲವಂತವಾಗಿ ಅರಸನನ್ನಾಗಿ ಮಾಡೋಕೆ ಬಂದಾಗ ಒಬ್ಬನೇ ಬೆಟ್ಟಕ್ಕೆ ಹೊರಟುಹೋದವನು ಯೆರೂಸಲೇಮಿನಲ್ಲಿ ಸಾವಿನ ವಾರದಲ್ಲಿ ಮಾತ್ರ ಅರಸನ ಹಾಗೆ ಬರೋಕೆ ಒಪ್ಪಿಕೊಳ್ತಾನೆ.

ಮಾರ್ಕನಲ್ಲಿ ಒಂದು ಸಣ್ಣ ವಿವರ ಇದೆ, ನಂಗೆ ಅದನ್ನ ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ. 10ನೇ ಅಧ್ಯಾಯದಲ್ಲಿ ಶಿಷ್ಯರಾದ ಯಾಕೋಬ ಯೋಹಾನ ಅಣ್ಣತಮ್ಮಂದಿರು ಬಂದು, ನೀನು ಮಹಿಮೆಯಲ್ಲಿ ಕೂತಾಗ ನಮ್ಮಲ್ಲಿ ಒಬ್ಬನಿಗೆ ಬಲಗಡೆ ಒಬ್ಬನಿಗೆ ಎಡಗಡೆ ಜಾಗ ಕೊಡು ಅಂತ ಕೇಳ್ತಾರೆ. ನೀವು ಏನು ಕೇಳ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ ಅಂತಾನೆ ಯೇಸು, ಆ ಜಾಗ ಕೊಡೋದು ನನ್ನ ಕೈಲಿಲ್ಲ, ಅದು ಯಾರಿಗೆ ಸಿದ್ಧವಾಗಿದೆಯೋ ಅವರಿಗೇ ಅಂತಾನೆ. ಆಮೇಲೆ 15ನೇ ಅಧ್ಯಾಯ. ಸಿಪಾಯಿಗಳು ಕೆನ್ನೀಲಿ ಬಟ್ಟೆ ಹೊದಿಸ್ತಾರೆ, ಮುಳ್ಳಿನ ಕಿರೀಟ ಇಡ್ತಾರೆ, ಮೊಣಕಾಲೂರಿ ಯೆಹೂದ್ಯರ ಅರಸನೇ ನಮಸ್ಕಾರ ಅಂತಾರೆ, ತಲೆ ಮೇಲೆ 'ಯೆಹೂದ್ಯರ ಅರಸನು' ಅಂತ ಫಲಕ ಬರುತ್ತೆ. ಅದಾದ ಮರುವಾಕ್ಯವೇ ಇಬ್ಬರು ಕಳ್ಳರನ್ನ, ಒಬ್ಬನನ್ನ ಬಲಗಡೆ ಒಬ್ಬನನ್ನ ಎಡಗಡೆ ಶಿಲುಬೆಗೆ ಹಾಕಿದ್ರು ಅಂತ. ಅಣ್ಣತಮ್ಮಂದಿರು ಬೇಡಿದ್ದ ಜಾಗ ಅದೇ! ನೀವು ಹುಡುಕ್ತಿರೋ ಸಿಂಹಾಸನವನ್ನ ಮಾರ್ಕ ಅಲ್ಲಿ ಇಟ್ಟಿದ್ದಾನೆ, ಸುತ್ತ ಇದ್ದವರೆಲ್ಲ ಅಪಹಾಸ್ಯ ಮಾಡ್ತಾ ಅರಿವಿಲ್ಲದೆ ಪಟ್ಟಾಭಿಷೇಕ ನಡೆಸ್ತಿದ್ದಾರೆ, ಅಲ್ಲಿ ದೇವರ ಮಗ ಅಂತ ಆತನನ್ನ ಕರೆಯೋನು ರೋಮ್ ಚಕ್ರವರ್ತಿ ಕೈಸರನ ಸಂಬಳದ ಶತಾಧಿಪತಿ. ಸಮುವೇಲ ಹೇಳಿದ ಅರಸ ಜನರ ಮಕ್ಕಳನ್ನ ಹೊಲವನ್ನ ಬೆಳೆಯನ್ನ ತಗೋತಾನೆ, ಈ ಅರಸನ ಮೈಮೇಲಿದ್ದ ಬಟ್ಟೇನೂ ಚೀಟು ಹಾಕಿ ಹಂಚಿಕೊಂಡ್ರು. ಯಾವ ಯೆಹೂದ್ಯನೂ ಹೀಗೆ ಸಾಯೋ ಅರಸನಿಗಾಗಿ ಕಾಯ್ತಿರಲಿಲ್ಲ. ವಚನಕ್ಕೆ ತಕ್ಕ ಹಾಗೆ ಹೀರೋನ ಸೃಷ್ಟಿ ಮಾಡೋರು 22ನೇ ಕೀರ್ತನೆಯ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಅನ್ನೋ ಸಾಲನ್ನ ಅವನ ಬಾಯಲ್ಲಿ ಇಡೋಕೆ ಧೈರ್ಯ ಮಾಡಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಒಂದು ಮಾತು ಮಾತ್ರ ನಿಮ್ಮ ಕಡೆ ಇದೆ, ಅದನ್ನ ಪೂರ್ತಿ ಒಪ್ಕೋತೀನಿ. ಜೆಕರ್ಯ 9:10ರ ಶಾಂತಿ, ಸಮುದ್ರದಿಂದ ಸಮುದ್ರದವರೆಗಿನ ಆಳ್ವಿಕೆ, ಅದು ಬಂದಿಲ್ಲ. ಮತ್ತಾಯ 9ನೇ ವಚನಕ್ಕೇ ನಿಲ್ಲಿಸಿದ್ದಾನೆ. ಮೆಸ್ಸೀಯ, ಅಂದ್ರೆ ಯೆಹೂದ್ಯರು ಎದುರು ನೋಡೋ ಅಭಿಷಿಕ್ತ ಅರಸ, ಬಂದಿದ್ರೆ ಕತ್ತಿಗಳು ಇನ್ನೂ ಯಾಕಿವೆ ಅಂತ ಯೆಹೂದ್ಯರು ಕೇಳೋದು ಅವರದೇ ಶಾಸ್ತ್ರ ಓದಿ, ಪ್ರಾಮಾಣಿಕವಾಗಿ ಕೇಳೋ ಪ್ರಶ್ನೆ, ಅವರನ್ನ ಕುರುಡರು ಅಂತ ಪುಲ್ಪಿಟ್ಟಿಂದ ಬೈಯೋದು ಘೋರ ಅನ್ಯಾಯ. ನಾವೂ ಪ್ರತಿ ದಿನ 'ನಿನ್ನ ರಾಜ್ಯವು ಬರಲಿ' ಅಂತ ಪ್ರಾರ್ಥನೆ ಮಾಡ್ತೀವಲ್ಲ, ಎಲ್ಲಾ ಬಂದುಬಿಟ್ಟಿದ್ರೆ ಆ ಸಾಲು ಬೇಕಾಗಿರಲಿಲ್ಲ. ಆದ್ರೆ ಬರೋ ರಾಜ್ಯದ ಅರಸ ಎಂಥವನು ಅನ್ನೋದು ಯೇಸುವನ್ನ ಶಿಲುಬೆಗೆ ಹಾಕಿದ ಗೊಲ್ಗೊಥಾದಲ್ಲಿ ಆಗ್ಲೇ ಗೊತ್ತಾಗಿದೆ, ಆಮೇಲೆ ಅದು ಬದಲಾಗಲ್ಲ.

ಬೇತ್ಲೆಹೇಮಿನ ವಿಷಯ ಬೇಗ ಹೇಳ್ತೀನಿ. ಹೌದು, ಮೀಕ 5:2ರಲ್ಲಿ ಅದು ಚಿಕ್ಕ ಊರು, ಮತ್ತಾಯ 2:6ರಲ್ಲಿ 'ನೀನು ಎಷ್ಟು ಮಾತ್ರಕ್ಕೂ ಚಿಕ್ಕದಲ್ಲ'. ಆ ಕಾಲದವರು ವಚನ ಹೇಳೋವಾಗ ಅದರ ಅರ್ಥಾನೂ ಸೇರಿಸಿ ಹೇಳ್ತಿದ್ರು, ಇಂಥ ಅರಸ ಹುಟ್ಟಿದ ಮೇಲೆ ಊರು ಚಿಕ್ಕದು ಹೇಗಾದೀತು ಅನ್ನೋದು ಮತ್ತಾಯನ ಭಾವ, ಇದನ್ನ ತಿರುಚಿದ್ದು ಅನ್ನೋಕೆ ನಂಗೆ ಮನಸ್ಸು ಬರಲ್ಲ. ಇದರ ಜೊತೆ ಯೋಹಾನ 7:42 ಓದಿ. ಮೆಸ್ಸೀಯ ಬೇತ್ಲೆಹೇಮಿಂದ ಬರಬೇಕಲ್ವಾ, ಈತ ಗಲಿಲಾಯದವನು ಅಂತ ಜನ ಅಲ್ಲಿ ನಿಮ್ಮ ಥರಾನೇ ಆಕ್ಷೇಪ ಎತ್ತುತ್ತಾರೆ, ಯೋಹಾನ ಅದಕ್ಕೆ ಒಂದು ಸಾಲಿನ ಉತ್ತರಾನೂ ಕೊಡದೆ, ಜನರಲ್ಲಿ ಭೇದ ಉಂಟಾಯ್ತು ಅಂತ ಬರೆದು ಮುಂದಕ್ಕೆ ಹೋಗ್ತಾನೆ. ಯಾಕೆ ಉತ್ತರ ಕೊಡಲಿಲ್ಲ ಅಂತ ನಿಮಗೆ ಅನ್ಸುತ್ತೆ? ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.

ಸಂಪಾದಕ