ಜ್ಯುವೆಲ್ ಬೀಟಲ್‌ಗಳ ಉಪಪ್ರಭೇದಗಳನ್ನು ಬಣ್ಣ ನೋಡಿ ಗುರುತಿಸಬಹುದಾ?

ಬರೀ ಬಣ್ಣ ನಂಬಬೇಡಿ. ಈ ಮರ ಕೊರೆಯುವ ದುಂಬಿಗಳ ಮಿರುಗು ಬರುವುದು ಹೊರಚಿಪ್ಪಿನ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸುವುದರಿಂದ, ಹಾಗಾಗಿ ಕ್ಯಾಮೆರಾ ಸ್ವಲ್ಪ ಓರೆಯಾದರೂ ಅದೇ ಹುಳುವಿನ ಬಣ್ಣ ಬೇರೆ ಕಾಣಬಹುದು.

ಮೊದಲು ಕೇಳಬೇಕಾದ್ದು, ಎಲ್ಲಿ ಸಿಕ್ಕಿತು ಅಂತ. ಉಪಪ್ರಭೇದ ಅಂದರೆ ಒಂದೇ ಪ್ರಭೇದದ, ಬೇರೆ ಜಾಗದಲ್ಲಿ ಬದುಕುವ, ಗುರುತು ಹಿಡಿಯುವಷ್ಟು ಬೇರೆಯಾದ ಗುಂಪು. ಎರಡು ಗುಂಪು ಒಂದೇ ಕಾಡಿನಲ್ಲಿದ್ದೂ ಒಂದರ ಜೊತೆ ಇನ್ನೊಂದು ಕೂಡಿ ಮರಿ ಮಾಡದೇ ಇದ್ದರೆ ಅವು ಬೇರೆ ಪ್ರಭೇದಗಳೇ ಅಲ್ವಾ? (ಬಂದರಿನ ದಿಮ್ಮಿಯಲ್ಲಿ ಸಿಕ್ಕಿದ್ದಾದರೆ ಎಲ್ಲಿ ಸಿಕ್ಕಿತು ಅನ್ನೋ ಚೀಟಿ ನಂಬೋ ಹಾಗಿಲ್ಲ, ಮರಿಹುಳು ಮರದೊಳಗೇ ಸಮುದ್ರ ದಾಟಿರಬಹುದು.) ಆಮೇಲೆ ಗಂಡಿನ ಜನನಾಂಗದ ಆಕಾರ, ಚಿಪ್ಪಿನ ಮೇಲಿನ ಗುಳಿ, ಕೂದಲು, ಸಾಧ್ಯವಾದರೆ ಡಿಎನ್‌ಎ. ಒಂದೆರಡು ಹುಳು ಸಾಲದು, ಜಾಸ್ತಿ ಬೇಕು.

ಆಶ್ ಮರ ಕೊರೆಯುವ ಹಸಿರು ಜ್ಯುವೆಲ್ ಬೀಟಲ್ ಆದ ಎಮರಾಲ್ಡ್ ಆಶ್ ಬೋರರ್ ಕಥೆ ನೋಡಿ. ಅಗ್ರಿಲಸ್ ಪ್ಲಾನಿಪೆನ್ನಿಸ್ ಅಂತ 1888ರಲ್ಲೇ ಇದಕ್ಕೆ ಹೆಸರಿಟ್ಟಿದ್ದರು. ಜಪಾನಿನ ಹುಳುಗಳಿಗೆ 1956ರಲ್ಲಿ ಅಗ್ರಿಲಸ್ ಮಾರ್ಕೊಪೋಲಿ ಉಲ್ಮಿ ಅಂತ, ಅಂದರೆ ಮಾರ್ಕೊಪೋಲಿ ಅನ್ನೋ ಹೆಸರಿನ ಪ್ರಭೇದದ ಉಪಪ್ರಭೇದ ಅಂತ ಪಟ್ಟ ಸಿಕ್ಕಿತು, 1994ರಲ್ಲಿ ಅದೂ ಪ್ಲಾನಿಪೆನ್ನಿಸ್‌ನದೇ ಇನ್ನೊಂದು ಹೆಸರು ಅಂತ ಸೇರಿಸಿಬಿಟ್ಟರು. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಶ್ ಮರಗಳನ್ನು ಕೊಲ್ಲುತ್ತಿರುವುದು ಗೊತ್ತಾದದ್ದು ಇದೇ ಹುಳು. ನನ್ನ ಪ್ರಕಾರ, ಫೋಟೋ ಮಾತ್ರ ಇದ್ದರೆ ಪ್ರಭೇದದ ಹೆಸರಿಗೇ ನಿಲ್ಲಿಸಿ.